ಎರಡು ವರ್ಷದ ಕಾಲೇಜು, ಆರು ತಿಂಗಳ ಹುಬ್ಬಳ್ಳಿ: ಡೆಂಟಲ್ ಹೈಜಿನಿಸ್ಟ್ ತರಬೇತಿಯ ವಿಮರ್ಶೆ

ಗದಗ-ಬೆಟಗೇರಿಯಿಂದ ಬೆಳಗಿನ ರೈಲು ಹಿಡಿದು ಆರು ತಿಂಗಳು ಓಡಾಡಿ, ಹುಬ್ಬಳ್ಳಿಯ ವಿದ್ಯಾನಗರದ ಒಂದು ಖಾಸಗಿ ದಂತ ಚಿಕಿತ್ಸಾಲಯದಲ್ಲಿ ಹೈಜಿನಿಸ್ಟ್ ಕೆಲಸದ ಪ್ರಾಯೋಗಿಕ ತರಬೇತಿಯನ್ನು ಕಳೆದ ತಿಂಗಳು ಮುಗಿಸಿದ್ದೇನೆ. ಅದಕ್ಕೂ ಮೊದಲು ದೂರದ ಊರಿನ ದಂತ ಕಾಲೇಜೊಂದರಲ್ಲಿ ಎರಡು ವರ್ಷದ ಡಿಪ್ಲೊಮಾ ಓದಿದ್ದೆ. ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ಪಾಲಕರು ನಮ್ಮ ಓಣಿಯಲ್ಲಿ ಈ ಕೋರ್ಸಿನ ಬಗ್ಗೆ ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ದೂರುಗಳೂ ಇರುವುದರಿಂದ ಕಾಲೇಜಿನ ಹೆಸರನ್ನಾಗಲಿ ಚಿಕಿತ್ಸಾಲಯದ ಹೆಸರನ್ನಾಗಲಿ ಹೇಳುವುದಿಲ್ಲ. ನನ್ನ ಅಭಿಪ್ರಾಯವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಪಠ್ಯಕ್ರಮದಲ್ಲಿ ಒಂದೆರಡು ವಿಷಯ ಬಿಟ್ಟರೆ ಹೇಳಿಕೊಳ್ಳುವಂಥ ಕೊರತೆ ಇಲ್ಲ. ಕೊರತೆ ಇರುವುದು ವಿದ್ಯಾರ್ಥಿಯ ಕೈಯನ್ನು ಪಕ್ಕದಲ್ಲಿ ಕುಳಿತು ನೋಡುವವರದು. ಅಂಥವರು ನನಗೆ ಕಾಲೇಜಿನಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿ ಸಿಕ್ಕರು.

ಹೈಜಿನಿಸ್ಟ್ ಎಂದರೆ ದಂತವೈದ್ಯರಿಗೆ ಹತ್ತಿ ಎತ್ತಿಕೊಡುವ ಸಹಾಯಕಿ ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ಮನೆಯಲ್ಲೂ ಹಾಗೆಯೇ ತಿಳಿದಿದ್ದರು. 1948ರ ದಂತವೈದ್ಯರ ಕಾಯ್ದೆಯು ಹಲ್ಲಿನ ಮೇಲೆ ಗಟ್ಟಿಯಾಗಿ ಕಟ್ಟಿದ ಕೊಳೆಯನ್ನು, ಅಂದರೆ ಗಾರೆಯನ್ನು ಕೆರೆದು ತೆಗೆಯುವ, ಹಲ್ಲನ್ನು ಶುಚಿಗೊಳಿಸಿ ಹೊಳಪು ಕೊಡುವ ಮತ್ತು ಬಾಯಿಯ ಸ್ವಚ್ಛತೆಯ ಬಗ್ಗೆ ತಿಳಿವಳಿಕೆ ನೀಡುವವರನ್ನು ಹೈಜಿನಿಸ್ಟ್ ಎಂದು ಪ್ರತ್ಯೇಕವಾಗಿಯೇ ಗುರುತಿಸಿದೆ. ಹಲ್ಲು ಕೀಳುವುದು, ತುಂಬುವುದು, ಬೇರಿನ ಚಿಕಿತ್ಸೆ ಇವರ ಕೆಲಸವಲ್ಲ. ಈ ವೃತ್ತಿ ಹುಟ್ಟಿದ್ದು ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ. ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಶುಚಿಗೊಳಿಸುವುದನ್ನು ಕಲಿಸಿ, 1913ರಲ್ಲಿ ಇದಕ್ಕಾಗಿಯೇ ಶಾಲೆ ತೆರೆದರು. ಒಬ್ಬರು ಇನ್ನೊಬ್ಬರ ಪಕ್ಕದಲ್ಲಿ ನಿಂತು ಕಲಿಸಿದ್ದರಿಂದ ಶುರುವಾದ ಈ ವೃತ್ತಿಯ ಕಥೆಯನ್ನು ನಾವು ಕಾಲೇಜಿನಲ್ಲಿ ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ಬಾಯಿಪಾಠ ಮಾಡಿದೆವು.

ಮೊದಲ ವರ್ಷದ ಬಗ್ಗೆ ನನ್ನ ತಕರಾರು ಕಡಿಮೆ. ಶರೀರ ರಚನೆ, ಶರೀರ ಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ಔಷಧಗಳ ಪರಿಚಯ, ಆಹಾರ ಮತ್ತು ಪೋಷಣೆ, ಎಕ್ಸ್‌ರೇ ಹೀಗೆ ವಿಷಯಗಳು ಬಹಳ, ಸಮಯ ಸಾಲದು. ಆದರೂ ಹಲ್ಲಿನ ರಚನೆಯನ್ನು ಕಲಿಸಿದ ಮೇಡಮ್ ಒಬ್ಬರಿಂದಾಗಿ ಆ ವರ್ಷ ದಂಡವಾಗಲಿಲ್ಲ. ಅವರು ನಮ್ಮಿಂದ ಬಟ್ಟೆ ಒಗೆಯುವ ಸೋಪಿನ ತುಂಡುಗಳಲ್ಲಿ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲುಗಳನ್ನು ಕೆತ್ತಿಸುತ್ತಿದ್ದರು. ಕೆತ್ತಿದ್ದನ್ನು ಮೇಜಿನ ಮೇಲೆ ಸಾಲಾಗಿ ಇರಿಸಿ, ಯಾವುದು ಬಲಗಡೆಯದು, ಯಾವುದು ಎಡಗಡೆಯದು ಎಂದು ಕೇಳುತ್ತಿದ್ದರು. ಕೆಳದವಡೆಯ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿಯೇ ಗಾರೆ ಏಕೆ ಬೇಗ ಕಟ್ಟುತ್ತದೆ ಎಂಬುದಕ್ಕೆ, ನಾಲಿಗೆಯ ಕೆಳಗೆ ಜೊಲ್ಲುಗ್ರಂಥಿಯ ನಾಳ ತೆರೆದುಕೊಳ್ಳುವ ಜಾಗವನ್ನು ಕನ್ನಡಿಯಲ್ಲಿ ನಮ್ಮ ನಮ್ಮ ಬಾಯಿಯಲ್ಲೇ ತೋರಿಸಿದ್ದರು. ಮೇಲಿನ ದವಡೆಹಲ್ಲಿನ ಕೆನ್ನೆಯ ಬದಿಗೂ ಕಾರಣ ಅದೇ. ಅಲ್ಲಿ ಇನ್ನೊಂದು ಗ್ರಂಥಿಯ ನಾಳವಿದೆ. ಇಂದಿಗೂ ರೋಗಿ ಬಾಯಿ ತೆರೆದ ಕೂಡಲೇ ನನ್ನ ಕಣ್ಣು ಮೊದಲು ಹೋಗುವುದು ಈ ಎರಡು ಜಾಗಗಳಿಗೆ.

ಎರಡನೆಯ ವರ್ಷ ಕ್ಲಿನಿಕಲ್ ವರ್ಷವೆಂದು ಕಾಲೇಜಿನ ಮಾಹಿತಿ ಪುಸ್ತಿಕೆಯಲ್ಲಿ ಬರೆದಿತ್ತು. ರೋಗಿಗಳು ಬರುತ್ತಿದ್ದುದು ನಿಜ, ಕುರ್ಚಿಗಳು ಇದ್ದುದೂ ನಿಜ. ಆದರೆ ಕುರ್ಚಿ ಮೊದಲು ಬಿಡಿಎಸ್ ವಿದ್ಯಾರ್ಥಿಗಳಿಗೆ, ಆಮೇಲೆ ಇಂಟರ್ನ್‌ಗಳಿಗೆ, ಉಳಿದರೆ ನಮಗೆ ಎಂಬ ಪದ್ಧತಿಯಲ್ಲಿ ನಮ್ಮ ಪಾಲಿಗೆ ಬಂದದ್ದು ಉಪಕರಣ ತೊಳೆಯುವ ತೊಟ್ಟಿ ಮತ್ತು ರೋಗಿಗಳ ಹೆಸರು ಬರೆಯುವ ದಪ್ಪ ಪುಸ್ತಕ. ಬಿಡಿಎಸ್ ಓದುವವರಿಗೂ ರೋಗಿಗಳ ಲೆಕ್ಕ ತುಂಬಬೇಕಿತ್ತು, ಆ ಮಾತು ಬೇರೆ. ಆದರೆ ಶುಲ್ಕ ಕಟ್ಟಿಸಿಕೊಳ್ಳುವಾಗ ಈ ಸರದಿಯ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ವರ್ಷದ ಕೊನೆಯ ವಾರ ನಮ್ಮ ಲಾಗ್‌ಬುಕ್‌ಗಳನ್ನು ಒಟ್ಟಿಗೆ ತರಿಸಿಕೊಂಡು ಒಂದೇ ಮಧ್ಯಾಹ್ನ ಸಹಿ ಹಾಕಿಕೊಟ್ಟರು. ನನ್ನ ಪುಸ್ತಕದ ಪ್ರಕಾರ ನಾನು 60 ಜನರ ಹಲ್ಲು ಶುಚಿಗೊಳಿಸಿದ್ದೆ; ನನ್ನ ಕೈಗೆ ಗೊತ್ತಿದ್ದ ಲೆಕ್ಕ 11. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂತು. ಅಪ್ಪ ಪೇಢೆ ಹಂಚಿದರು. ನನಗೆ ಒಳಗೊಳಗೇ ಹೆದರಿಕೆಯಿತ್ತು.

ವಿದೇಶದಲ್ಲಿ ಹೈಜಿನಿಸ್ಟ್‌ಗಳಿಗೆ ಭಾರೀ ಬೇಡಿಕೆಯಿದೆ ಎಂಬ ಮಾತನ್ನು ಪ್ರವೇಶದ ದಿನ ಕಾಲೇಜಿನಲ್ಲಿಯೂ ಹೇಳಿದ್ದರು. ಬೇಡಿಕೆ ಇರಬಹುದು, ಆದರೆ ಅಮೆರಿಕದಲ್ಲಿ ಪರವಾನಗಿ ಪಡೆಯಲು ಸಾಮಾನ್ಯವಾಗಿ ಅಲ್ಲಿಯ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿ, ಅಲ್ಲಿಯ ಪರೀಕ್ಷೆಗಳಲ್ಲೇ ತೇರ್ಗಡೆಯಾಗಬೇಕು. ಇಲ್ಲಿಯ ಡಿಪ್ಲೊಮಾ ಹಿಡಿದುಕೊಂಡು ವಿಮಾನ ಹತ್ತುವ ಕನಸು ಕಂಡು ಸೇರುವವರು ಇದನ್ನು ವಿಚಾರಿಸಿಕೊಂಡೇ ಸೇರಲಿ.

ಇನ್ನು ಹುಬ್ಬಳ್ಳಿಯ ಮಾತು. ಗದಗದಿಂದ ಹುಬ್ಬಳ್ಳಿ ಸುಮಾರು 58 ಕಿಲೋಮೀಟರ್. ಹುಲಕೋಟಿ, ಅಣ್ಣಿಗೇರಿ ದಾಟಿ ನಿಲ್ದಾಣದಲ್ಲಿ ಇಳಿದರೆ ಚಿಗರಿ ಬಸ್ಸು ವಿದ್ಯಾನಗರಕ್ಕೆ ತಡಮಾಡದೆ ಮುಟ್ಟಿಸುತ್ತದೆ. ನಾಲ್ಕು ಕುರ್ಚಿಗಳ ಚಿಕಿತ್ಸಾಲಯ, ಇಬ್ಬರು ವೈದ್ಯರು, ಹದಿನೈದು ವರ್ಷಗಳ ಅನುಭವದ ಒಬ್ಬ ಹೈಜಿನಿಸ್ಟ್. ಇವರನ್ನು ಎಲ್ಲರೂ ಅಕ್ಕಾ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ಆರು ತಿಂಗಳಿಗೆ 15,000 ರೂಪಾಯಿ ಕಟ್ಟಿಸಿಕೊಂಡರು, ನಾಲ್ಕನೆಯ ತಿಂಗಳಿನಿಂದ ಓಡಾಟದ ಖರ್ಚಿನಷ್ಟು ಕೊಟ್ಟರು. ಡಿಪ್ಲೊಮಾ ಆದವರಿಂದ ಮತ್ತೆ ದುಡ್ಡು ತೆಗೆದುಕೊಳ್ಳುವುದು ಸರಿಯೇ ಎಂದು ಮೊದಲು ಅನ್ನಿಸಿತ್ತು. ಎರಡು ವಾರದಲ್ಲಿ ಆ ಪ್ರಶ್ನೆ ಹೋಯಿತು.

ಮೊದಲ ಎರಡು ವಾರ ರೋಗಿಯ ಬಳಿ ಬಿಡಲೇ ಇಲ್ಲ. ಕುರ್ಚಿಗೆ ಜೋಡಿಸಿದ ಗೊಂಬೆಯ ತಲೆಯೊಳಗೆ ಪ್ಲಾಸ್ಟಿಕ್ ಹಲ್ಲುಗಳ ದವಡೆ. ಆ ಹಲ್ಲುಗಳನ್ನು ಬಿಚ್ಚಿ, ರಬ್ಬರಿನ ವಸಡಿನ ಕೆಳಗೆ ಬರುವ ಭಾಗಕ್ಕೆ ಅಕ್ಕ ತಮ್ಮ ಕೆಂಪು ನೇಲ್‌ಪಾಲಿಶ್ ಬಳಿದು ಒಣಗಿಸಿ, ಮತ್ತೆ ಜೋಡಿಸಿ ಕೊಡುತ್ತಿದ್ದರು. ಕಣ್ಣಿಗೆ ಕಾಣದ ಆ ಬಣ್ಣವನ್ನು ವಸಡು ಹರಿಯದಂತೆ, ಹಲ್ಲಿಗೆ ಗೀರು ಬೀಳದಂತೆ ಕೆರೆದು ತೆಗೆಯಬೇಕು. ಮುಗಿಯಿತೆಂದು ನಾನು ಹೇಳಿದ ಮೇಲೆ ಅವರು ಹಲ್ಲು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ಮೊದಲ ದಿನ ನನ್ನ ಪ್ರಕಾರ ಪೂರ್ಣ ಸ್ವಚ್ಛವಾಗಿದ್ದ ದವಡೆಹಲ್ಲಿನ ಹಿಂಬದಿಯಲ್ಲಿ ಅರ್ಧಕ್ಕರ್ಧ ಕೆಂಪು ಹಾಗೆಯೇ ಉಳಿದಿತ್ತು. ಕಾಲೇಜಿನಲ್ಲಿ ಲಾಗ್‌ಬುಕ್‌ಗೆ ಸಹಿ ಹಾಕಿದವರು ಒಮ್ಮೆಯಾದರೂ ಹೀಗೆ ಬಿಚ್ಚಿ ನೋಡಿದ್ದರೆ ಎಂದು ಆಗ ಅನ್ನಿಸಿತು.

ಉಪಕರಣವನ್ನು ಹಿಡಿಯುವುದು ಪೆನ್ನು ಹಿಡಿದಂತೆಯೇ, ಆದರೆ ಮಧ್ಯದ ಬೆರಳಿನ ತುದಿ ಹಿಡಿಕೆಗೂ ಅಲಗಿಗೂ ನಡುವಿನ ಕುತ್ತಿಗೆಯ ಮೇಲೆ ಕೂರಬೇಕು, ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ಊರಿರಬೇಕು. ಈ ಊರುವಿಕೆ ತಪ್ಪಿದರೆ ರೋಗಿ ಕೆಮ್ಮಿದಾಗ ಅಲಗು ಎಲ್ಲಿ ಹೋಗುತ್ತದೋ ಹೇಳಲಾಗದು. ಇದನ್ನು ಪುಸ್ತಕದಲ್ಲಿ ಚಿತ್ರಸಮೇತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ನನ್ನ ಉಂಗುರ ಬೆರಳು ಗಾಳಿಯಲ್ಲಿ ತೇಲುತ್ತಿತ್ತು. ಅಕ್ಕ ಮೂರು ದಿನ ಬೇರೇನೂ ಹೇಳಲಿಲ್ಲ, ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತು ಆ ಬೆರಳನ್ನು ಮಾತ್ರ ಮತ್ತೆ ಮತ್ತೆ ಒತ್ತಿ ಕೂರಿಸಿದರು. ಆಮೇಲೆ ಕಣ್ಣು ಮುಚ್ಚಿಸಿ ಎಕ್ಸ್‌ಪ್ಲೋರರ್ ಎಂಬ ತೆಳ್ಳನೆಯ ಸೂಜಿಯಂಥ ಉಪಕರಣವನ್ನು ಹಲ್ಲಿನ ಮೇಲೆ ಆಡಿಸಲು ಹೇಳಿದರು. ಸ್ವಚ್ಛವಾದ ಹಲ್ಲು ತೊಳೆದ ಸ್ಟೀಲ್ ತಟ್ಟೆಯಂತೆ ಜಾರುತ್ತದೆ; ಗಾರೆ ಇರುವಲ್ಲಿ ಸಣ್ಣಗೆ ಜುಂ ಎಂದು ತಡೆಯುತ್ತದೆ. ನಮ್ಮದು ನೇಕಾರರ ಮನೆ. ಕರೆಂಟು ಹೋದಾಗಲೂ ಹಾಸಿನ ಎಳೆಗಳ ಮೇಲೆ ಬೆರಳಾಡಿಸಿ, ಎಲ್ಲಿ ಎಳೆ ಹರಿದಿದೆಯೆಂದು ಅಪ್ಪ ಹೇಳುತ್ತಿದ್ದುದನ್ನು ನೋಡಿ ಬೆಳೆದ ನನಗೆ ಈ ಪಾಠ ಬೇಗ ಹಿಡಿಯಿತು. ಹಿಡಿಕೆಯನ್ನು ಬಿಗಿಯಾಗಿ ಹಿಡಿದರೆ ಏನೂ ತಿಳಿಯುವುದಿಲ್ಲ ಎಂಬುದು ಎರಡೂ ಕೆಲಸಗಳಲ್ಲಿ ಒಂದೇ.

ವಸಡಿನ ಕೆಳಗಿನ ಕೆಲಸಕ್ಕೆ ಬಳಸುವ ಗ್ರೇಸಿ ಕ್ಯುರೆಟ್‌ಗಳ ಬಗ್ಗೆ ಕಾಲೇಜು ನಮಗೆ ಹೇಳಿದ್ದು ಅವುಗಳ ಸಂಖ್ಯೆಗಳನ್ನು: 11/12 ಹಿಂದಿನ ಹಲ್ಲುಗಳ ಮುಂಬದಿಗೆ, 13/14 ಅವುಗಳ ಹಿಂಬದಿಗೆ. ಸಂಖ್ಯೆ ಬಾಯಿಗೆ ಬಂದಿತ್ತು, ಅಂಚು ಎಲ್ಲಿದೆ ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಈ ಉಪಕರಣದ ಮುಖ ಅದರ ಕುತ್ತಿಗೆಗೆ 70 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಎರಡು ಅಂಚುಗಳಲ್ಲಿ ಒಂದೇ ಕೆಲಸಕ್ಕೆ ಬರುತ್ತದೆ. ಆ ಒಂದು ಅಂಚನ್ನು ಹುಡುಕಿಕೊಳ್ಳದೆ ಎಷ್ಟು ಎಳೆದರೂ ಗಾರೆ ಕದಲುವುದಿಲ್ಲ. ಕೆರೆಯುವಾಗ ಅಲಗು ಹಲ್ಲಿಗೆ 45ರಿಂದ 90 ಡಿಗ್ರಿಯ ನಡುವೆ ಇರಬೇಕು.

ನನ್ನ ಮಟ್ಟಿಗೆ ಇಡೀ ತರಬೇತಿಯ ಅತ್ಯುತ್ತಮ ಪಾಠವೆಂದರೆ ಶುಕ್ರವಾರದ ಮಧ್ಯಾಹ್ನ ಸಾಣೆ ಹಿಡಿಯುವುದು. ಕಿಟಕಿಯ ಪಕ್ಕದ ಮೇಜಿನ ಮೇಲೆ ಎಣ್ಣೆ ಸವರಿದ ಅರ್ಕಾನ್ಸಾಸ್ ಕಲ್ಲು, ಒಂದು ಪ್ಲಾಸ್ಟಿಕ್ ಕಡ್ಡಿ, ಒಂದು ದೀಪ. ಉಪಕರಣವನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದಾಗ ಮೊಂಡಾದ ಅಂಚು ಕೂದಲೆಳೆಯಷ್ಟು ಬಿಳಿ ಗೆರೆಯಾಗಿ ಹೊಳೆಯುತ್ತದೆ. ಚೂಪಾದ ಅಂಚಿಗೆ ಅಗಲವೇ ಇಲ್ಲದ್ದರಿಂದ ಅಲ್ಲಿ ಬೆಳಕು ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಆ ಗೆರೆ ಮಾಯವಾಗುವವರೆಗೆ ಉಜ್ಜಿ, ಪ್ಲಾಸ್ಟಿಕ್ ಕಡ್ಡಿಯ ಮೇಲೆ ಅಂಚನ್ನು ಇಟ್ಟು ನೋಡಬೇಕು. ಕಚ್ಚಿದರೆ ಚೂಪಾಗಿದೆ, ಜಾರಿದರೆ ಇಲ್ಲ. ಮೊಂಡಾದ ಅಲಗಿನಿಂದ ಕೆಲಸ ನಿಧಾನವಾಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಅದು ಗಾರೆಯನ್ನು ತೆಗೆಯದೆ ಅದರ ಮೇಲ್ಮೈಯನ್ನು ನುಣುಪು ಮಾಡಿಬಿಡುತ್ತದೆ, ಆಮೇಲೆ ಎಕ್ಸ್‌ಪ್ಲೋರರ್ ಆಡಿಸಿದರೂ ಅಲ್ಲಿ ಗಾರೆ ಇದೆಯೆಂದು ತಿಳಿಯದೆ ಹೋಗುತ್ತದೆ ಎಂದು ಅಕ್ಕ ತೋರಿಸಿಕೊಟ್ಟಾಗ, ಕಾಲೇಜಿನಲ್ಲಿ ಎರಡು ವರ್ಷ ಸಾಣೆಯನ್ನೇ ಕಾಣದ ಉಪಕರಣಗಳಿಂದ ನಾನು ಮುಗಿಸಿದ ಆ 11 ಜನರ ನೆನಪಾಯಿತು.

ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ ಅಳೆಯುವುದನ್ನು ಇಲ್ಲಿ ಆಟದಂತೆ ಕಲಿಸುತ್ತಾರೆ. ವಿಲಿಯಮ್ಸ್ ಪ್ರೋಬ್ ಎಂಬ ಅಳತೆಯ ಕಡ್ಡಿಯಲ್ಲಿ 1, 2, 3, 5, 7, 8, 9, 10 ಮಿಲಿಮೀಟರ್‌ಗಳ ಗೆರೆಗಳಿವೆ. ಓದುವಾಗ ಕಣ್ಣು ತಪ್ಪದಿರಲೆಂದು 4 ಮತ್ತು 6ನ್ನು ಬಿಟ್ಟಿದ್ದಾರೆ. ಒಂದೊಂದು ಹಲ್ಲಿಗೆ ಆರು ಕಡೆ ಅಳೆಯಬೇಕು, ಅಂದರೆ 28 ಹಲ್ಲಿನ ಬಾಯಿಗೆ 168 ಅಂಕಿಗಳು. ನಾನು ಕೂಗಿ ಹೇಳಬೇಕು, ಅಕ್ಕ ಬರೆದುಕೊಳ್ಳಬೇಕು. ಮುಗಿದ ಮೇಲೆ ವೈದ್ಯರು ಬಂದು ತಮಗೆ ಬೇಕಾದ ಹತ್ತು ಕಡೆ ತಾವೇ ಅಳೆದು ನನ್ನ ಅಂಕಿಯೊಂದಿಗೆ ಹೋಲಿಸುತ್ತಿದ್ದರು. ಮೂರರವರೆಗೆ ಆರೋಗ್ಯವಂತ ವಸಡು, ಅದಕ್ಕಿಂತ ಹೆಚ್ಚಾದರೆ ವಿಚಾರಿಸಬೇಕಾದ್ದು. ಮೊದಲ ತಿಂಗಳು ನನ್ನ ಅಂಕಿಗಳೆಲ್ಲ ಎರಡು, ಮೂರರಲ್ಲೇ ಇರುತ್ತಿದ್ದವು. ವೈದ್ಯರು ಅಳೆದರೆ ಅಲ್ಲಲ್ಲಿ ಐದು ಬರುತ್ತಿತ್ತು. ನೋವಾದೀತೆಂಬ ಹೆದರಿಕೆಯಿಂದ ನಾನು ಕಡ್ಡಿಯನ್ನು ಪೂರ್ತಿ ಇಳಿಸುತ್ತಿರಲಿಲ್ಲ.

ಸ್ಟೆರಿಲೈಸೇಶನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಲೇಜಿನ ತೊಟ್ಟಿಯ ಮುಂದೆ ನಾನು ಕಳೆದ ಆ ವರ್ಷ ಇದೊಂದಕ್ಕೆ ಉಪಯೋಗಕ್ಕೆ ಬಂತು. ಪೊಟ್ಟಣ ಕಟ್ಟಿದ ಉಪಕರಣಗಳಿಗೆ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ. ಪೊಟ್ಟಣದ ಪಟ್ಟಿಯ ಬಣ್ಣ ಬದಲಾದರೆ ಶಾಖ ತಟ್ಟಿದೆ ಎಂದಷ್ಟೇ ಅರ್ಥ, ಕ್ರಿಮಿಗಳು ಸತ್ತವೆಂದಲ್ಲ. ಅದಕ್ಕಾಗಿ ಜೀವಂತ ಬ್ಯಾಕ್ಟೀರಿಯಾ ಬೀಜಾಣುಗಳ ಪರೀಕ್ಷಾ ನಳಿಕೆಯನ್ನು ಇಟ್ಟು ನೋಡಬೇಕು, ಇಲ್ಲಿ ಅದನ್ನು ನಿಯಮದಂತೆ ಇಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ ಎಂದು ಸೇರಿಸಿಕೊಳ್ಳುವಾಗಲೇ ಕೇಳಿದ್ದನ್ನೂ ಮೆಚ್ಚಬೇಕು.

ಪಠ್ಯದಲ್ಲಿ ಪೂರ್ತಿ ಬಿಟ್ಟುಹೋಗಿರುವ ಒಂದು ವಿಷಯವೆಂದರೆ ಕನ್ನಡ. ಎರಡು ವರ್ಷ ಪ್ಲಾಕ್, ಕ್ಯಾಲ್ಕ್ಯುಲಸ್, ಪೆರಿಯೊಡಾಂಟೈಟಿಸ್ ಎಂದು ಬರೆದ ನನಗೆ ಕುಂದಗೋಳದಿಂದ ಬಂದ ಅಜ್ಜಿಗೆ ಅವರ ಬಾಯಿಯಲ್ಲಿ ಏನಾಗಿದೆ ಎಂದು ಹೇಳಲು ಮಾತೇ ಹೊರಡಲಿಲ್ಲ. ಅಕ್ಕ ಪ್ಲಾಕ್‌ಗೆ ಪಾಚಿ ಎನ್ನುತ್ತಾರೆ, ಅದು ಗಟ್ಟಿಯಾದರೆ ಗಾರೆ. ಇಷ್ಟರಲ್ಲೇ ರೋಗಿಗೆ ಅರ್ಥವಾಗುತ್ತದೆ. ಆ ಅಜ್ಜಿ ಬಾಯಿ ತೆರೆಯುವ ಮೊದಲು ಕೇಳಿದ ಪ್ರಶ್ನೆ ಇದು: “ಯವ್ವಾ, ಹಲ್ಲ ಕ್ಲೀನ್ ಮಾಡಿಸಿದ್ರ ಹಲ್ಲ ಸಡ್ಲ ಆಗ್ತಾವಂತಲ್ಲ, ಖರೇನ?” ನಾನು ವಸಡಿನ ನಾರುಗಳ ಬಗ್ಗೆ ಶುರುಮಾಡಿದ್ದೆ. ಅಕ್ಕ ನನ್ನನ್ನು ತಡೆದು, “ಆಯಿ, ಗ್ವಾಡಿ ಬಿರುಕಿನ್ಯಾಗ ಮಣ್ಣ ತುಂಬಿದ್ರ ಗ್ವಾಡಿ ಗಟ್ಟಿ ಐತಿ ಅಂತ ಕಾಣತೈತಿ. ಮಣ್ಣ ತಗದ್ರ ಬಿರುಕ ಕಾಣತೈತಿ. ಬಿರುಕ ಮೊದಲ ಇತ್ರಿ” ಎಂದರು. ಅಜ್ಜಿ ಬಾಯಿ ತೆರೆದರು.

ಇನ್ನೊಬ್ಬರು ಟೆಂಪೊ ಓಡಿಸುವ ಹುಡುಗ, ನಿಶ್ಚಿತಾರ್ಥಕ್ಕೆ ಮೊದಲು ಗುಟ್ಕಾ ಕರೆ ತೆಗೆಸಿಕೊಳ್ಳಲು ಬಂದಿದ್ದ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಊಟದ ಬಗ್ಗೆ ವಿಚಾರಿಸಿದಾಗ, “ಕೆಂಪ ಚಟ್ನಿ ಹಚ್ಚಿದ ರೊಟ್ಟಿ ಬಾಯಾಗ ಇಟ್ರ ಬೆಂಕಿ ಹತ್ತಿದಂಗ ಆಕ್ಕೈತ್ರಿ” ಎಂದ. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಗಿಯುವ ಕಾಯಿಲೆಯ ಲಕ್ಷಣವಿದು, ಮುಂದೆ ಕ್ಯಾನ್ಸರಿಗೆ ದಾರಿಯಾಗಬಲ್ಲದ್ದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದ ನಾನು ಗಾರೆ ಕೆರೆಯುವ ಸ್ಕೇಲರ್ ಕೈಗೆ ತೆಗೆದುಕೊಂಡಿದ್ದೆ. ಅಕ್ಕ ಅದನ್ನು ಕೆಳಗಿಡಿಸಿ ವೈದ್ಯರನ್ನು ಕರೆದರು. ಆ ದಿನ ಕರೆ ತೆಗೆಯಲಿಲ್ಲ.

ಐದನೆಯ ತಿಂಗಳು ಮುಂಡರಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ತಪಾಸಣಾ ಶಿಬಿರವಿತ್ತು. ಆ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಗದಗ ಜಿಲ್ಲೆಯವರಿಗೆ ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಾನದಂಡ. ಕಾಲೇಜಿನ ಪಾಠದಲ್ಲಿ ಫ್ಲೋರೈಡ್ ಎಂದರೆ ಹುಳುಕಿಗೆ ಮದ್ದು, ಮಕ್ಕಳಿಗೆಲ್ಲ ಹಚ್ಚಬೇಕಾದ್ದು. ಹೆಚ್ಚಾದರೆ ಏನು ಎಂಬುದಕ್ಕೆ ಅರ್ಧ ಪುಟ. ಇಲ್ಲಿ ಸಾಲಾಗಿ ನಿಂತ ಮಕ್ಕಳ ಮುಂದಿನ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕೆಲವರಲ್ಲಿ ಕಂದು ಕಲೆ. ತಾಯಿಯೊಬ್ಬರು ಇದನ್ನು ಉಜ್ಜಿ ತೆಗೆಯಿರಿ ಎಂದು ಕೇಳಿದರು. ಹಲ್ಲು ಮೂಡುವ ಮೊದಲೇ, ದವಡೆಯೊಳಗೆ ಅದರ ಹೊರಪದರ ಕಟ್ಟಿಕೊಳ್ಳುವಾಗಲೇ ಆದ ಬದಲಾವಣೆ ಇದು. ಕೆರೆದರೆ ಹೋಗುವ ಕರೆಯಲ್ಲ. ಇದನ್ನು ವಿವರಿಸಿ, ಮನೆಯ ಕೈಕೂಸಿಗೆ ಯಾವ ನೀರು ಕುಡಿಸುತ್ತೀರಿ ಎಂದು ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ ಅನ್ನಿಸಿತು. ಉತ್ತರ ಕರ್ನಾಟಕದ ಮಕ್ಕಳಿಗೆ ಪಾಠ ಹೇಳುವ ಯಾವ ಕಾಲೇಜಿನಲ್ಲಾದರೂ ಈ ಅರ್ಧ ಪುಟ ಒಂದು ಅಧ್ಯಾಯವಾಗಬೇಕಿತ್ತು.

ಚಿಕಿತ್ಸಾಲಯದ ಬಗ್ಗೆಯೂ ದೂರುಗಳಿವೆ. ಸಂಜೆ ಆರಕ್ಕೆ ಬಿಡುತ್ತೇವೆಂದು ಹೇಳಿ ಏಳೂವರೆಯವರೆಗೆ ನಿಲ್ಲಿಸಿಕೊಂಡ ದಿನಗಳು ಎಣಿಕೆಗೆ ಸಿಗವು. ಎರಡು ಸಲ ರೈಲು ತಪ್ಪಿ ಬಸ್ಸಿನಲ್ಲಿ ಗದಗ ಮುಟ್ಟುವಾಗ ರಾತ್ರಿ ಹತ್ತೂವರೆ. ಸ್ವಾಗತದ ಹುಡುಗಿ ರಜೆ ಹಾಕಿದಾಗಲೆಲ್ಲ ಫೋನು ನನ್ನ ಪಾಲಿಗೆ. ಕಂಪನದಿಂದ ಗಾರೆ ತೆಗೆಯುವ ಯಂತ್ರವಾದ ಅಲ್ಟ್ರಾಸಾನಿಕ್ ಸ್ಕೇಲರ್ ಅನ್ನು ನಾಲ್ಕನೆಯ ತಿಂಗಳಿನವರೆಗೆ ಮುಟ್ಟಗೊಡಲಿಲ್ಲ. ಅದರ ತುದಿ ಸೆಕೆಂಡಿಗೆ ಸುಮಾರು 30,000 ಸಲ ಕಂಪಿಸುತ್ತದೆ, ನೀರು ನಿಂತರೆ ಹಲ್ಲು ಬಿಸಿಯಾಗುತ್ತದೆ, ಪೇಸ್‌ಮೇಕರ್ ಇರುವವರಲ್ಲಿ ಎಚ್ಚರ ಬೇಕು, ಎಲ್ಲ ನಿಜ. ಆದರೆ ಹೊರಗಿನ ಚಿಕಿತ್ಸಾಲಯಗಳಲ್ಲಿ ಹೆಚ್ಚಿನ ಕೆಲಸ ಆ ಯಂತ್ರದಲ್ಲೇ ನಡೆಯುವಾಗ ಕೊನೆಯ ಎರಡು ತಿಂಗಳು ಸಾಲದು. ಯಂತ್ರದ ಮೇಲೆ ಭಾರ ಹಾಕದೆ ತುದಿಯ ಪಕ್ಕೆಯನ್ನಷ್ಟೇ ಹಲ್ಲಿಗೆ ತಾಗಿಸುವುದು ನನಗೆ ಇನ್ನೂ ಪೂರ್ತಿ ರೂಢಿಯಾಗಿಲ್ಲ. ಕಲಿಯುವವರಿಗೆ ಕೊಟ್ಟ ಸ್ಟೂಲಿನ ಎತ್ತರ ಬದಲಿಸುವ ಪಟ್ಟಿ ಮುರಿದು ಎಷ್ಟು ದಿನವಾಗಿದೆಯೋ, ನನ್ನ ಸೊಂಟಕ್ಕೆ ಗೊತ್ತು.

ಡಿಪ್ಲೊಮಾ ಇಲ್ಲದವರು ಇಲ್ಲಿ ಆರು ತಿಂಗಳು ಕಲಿತು ಹೈಜಿನಿಸ್ಟ್ ಆಗಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ; ಇವರು ಕೊಡುವ ಪತ್ರ ಅನುಭವದ ಪತ್ರ, ಕಾಲೇಜಿನ ಡಿಪ್ಲೊಮಾ ಮತ್ತು ರಾಜ್ಯದ ನೋಂದಣಿ ಬೇಕೇ ಬೇಕು. ಕಾಲೇಜು ಆರಿಸುವವರು ಕಟ್ಟಡ, ಹಾಸ್ಟೆಲ್ಲು ನೋಡುವ ಮೊದಲು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ಈ ವಾರ ನಿನ್ನ ಕೈಗೆ ಎಷ್ಟು ರೋಗಿಗಳು ಬಂದರು, ನೀನು ಕೆಲಸ ಮಾಡುವಾಗ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಕೇಳಲಿ. ನಾನು ಕೇಳಿರಲಿಲ್ಲ.

ವಿದ್ಯಾನಗರದವರು ಒಂದು ಸಲಕ್ಕೆ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಗಾಗಲಿ ಇಂಥ ಬೇರೆ ಕಡೆಗಾಗಲಿ ಹೋಗುವವರಿಗೆ ಒಂದು ಸಣ್ಣ ಸೂಚನೆ: ಕೈ ಚಿಕ್ಕದಾಗಿದ್ದರೆ ನಿಮ್ಮ ಅಳತೆಯ ಗ್ಲೌಸಿನ ಪೆಟ್ಟಿಗೆಯನ್ನು ನೀವೇ ಒಯ್ಯಿರಿ. ಅವರ ಬಳಿ ಮಧ್ಯಮ ಅಳತೆಯವು ಮಾತ್ರ ಇರುತ್ತವೆ. ಬೆರಳ ತುದಿಯಲ್ಲಿ ಗ್ಲೌಸು ಸುಕ್ಕಾದರೆ ಆ ಜುಂ ಎನ್ನುವ ತಡೆ ಬೆರಳಿಗೆ ತಿಳಿಯುವುದಿಲ್ಲ.